ಅಕ್ಕನ ಬಾಂಡು, ತಮ್ಮನ ಖಾತೆ

ಆ ಕಟ್ಟಡದಲ್ಲಿ ಯಾರು ಯಾವಾಗ ಹೊರಗೆ ಹೊರಟರು, ಯಾರು ಮರಳಿ ಬಂದರು ಎಂಬುದನ್ನು ಲಿಫ್ಟ್ ಮೇಸ್ತ್ರಿ ಮುಖ ನೋಡದೆಯೇ ಹೇಳಬಲ್ಲವನಾಗಿದ್ದ. ಅವನ ಕೋಣೆ ಇದ್ದದ್ದು ತಾರಸಿಯ ಮೇಲೆ, ಲಿಫ್ಟಿನ ಮೋಟಾರು ಕೋಣೆಗೆ ಅಂಟಿಕೊಂಡು. ನಡುವೆ ಒಂದೇ ಗೋಡೆ. ಮೋಟಾರು ಎಷ್ಟು ಹೊತ್ತು ಓಡಿತು, ಎಲ್ಲಿ ನಿಂತಿತು, ಬಾಗಿಲು ಎಷ್ಟು ರಭಸದಿಂದ ಬಡಿಯಿತು ಎಂಬುದರ ಮೇಲೆ ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಇದು ಮೂರನೆಯ ಮಹಡಿಯ ನರ್ಸಮ್ಮ, ರಾತ್ರಿ ಪಾಳಿ ಮುಗಿಸಿ ಬಂದಿದ್ದಾರೆ. ಇದು ಎರಡನೆಯ ಮಹಡಿಯ ವಕೀಲರು, ಯಾರದೋ ಮೇಲಿನ ಸಿಟ್ಟನ್ನು ಬಾಗಿಲಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಅವರಿಗೆಲ್ಲ ಮೇಸ್ತ್ರಿಯ ನೆನಪಾಗುತ್ತಿದ್ದದ್ದು ಲಿಫ್ಟು ಕೆಟ್ಟಾಗ ಮಾತ್ರ. ಕೆಡದ ಹಾಗೆ ನೋಡಿಕೊಳ್ಳುವುದೇ ಅವನ ಕಸುಬು. ಆದ್ದರಿಂದ ಅವನು ಕಸುಬನ್ನು ಚೆನ್ನಾಗಿ ಮಾಡಿದಷ್ಟೂ ಅವನನ್ನು ಕೇಳುವವರು ಕಡಿಮೆಯಾಗುತ್ತಿದ್ದರು.

ಮದುವೆಯಾಗಬಾರದೆಂಬ ಹಟ ಅವನಿಗೇನೂ ಇರಲಿಲ್ಲ. ಒಂದೆರಡು ಕಡೆ ಮಾತು ನಡೆದಿತ್ತು. ಒಂದು ಕಡೆ ಅವರು ಸುಮ್ಮನಾದರು, ಇನ್ನೊಂದು ಕಡೆ ಇವನು ಸುಮ್ಮನಾದ. ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು. ಹಾಸಿಗೆಯ ಪಕ್ಕದಲ್ಲಿ ಕುಳಿತು ಕುಳಿತೇ ಇವನ ಕಿವಿಯ ಮೇಲೆ ಬಿಳಿ ಕೂದಲು ಇಣುಕಿತು. ತಾಯಿಗೆ ದಾರ, ಗುಂಡಿ, ಲೇಸು ಮಾರುವ ಒಂದು ಪುಟ್ಟ ಅಂಗಡಿ ಇತ್ತು. ಅವಳು ಹೋದ ಮೇಲೆ ಅದನ್ನು ಮಾರಿ, ಬಂದ ಹಣವನ್ನು ಅಕ್ಕ ತಮ್ಮ ಇಬ್ಬರೂ ಸಮನಾಗಿ ಹಂಚಿಕೊಂಡರು. ಅಕ್ಕ ಇದ್ದದ್ದು ಅರ್ಧ ಹಗಲಿನ ಬಸ್ಸಿನ ದಾರಿಯಾಚೆಯ ಊರಿನಲ್ಲಿ. ಹಂಚಿಕೆಯ ಮಾತು ನಡೆದದ್ದು ಅವಳ ಮನೆಯ ಊಟದ ಮೇಜಿನ ಮೇಲೆ, ಭಾವನ ಯಜಮಾನಿಕೆಯಲ್ಲಿ. ಭಾವ ನೀರು ಸರಬರಾಜು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆಸಿಕೊಂಡವರು. ದುಡ್ಡಿನ ಮಾತು ಬಂದರೆ ಕನ್ನಡಕ ತೆಗೆದು ಒರೆಸಿಕೊಂಡೇ ಶುರುಮಾಡುವವರು.

"ಸರ್ಕಾರದ ಹತ್ತು ವರ್ಷದ ಬಾಂಡು ಬಂದಿದೆ. ನೂರಕ್ಕೆ ಏಳೂವರೆ ಬಡ್ಡಿ. ಅರ್ಧ ವರ್ಷಕ್ಕೊಂದ್ಸಲ ಬಡ್ಡಿ ತಾನಾಗಿ ಖಾತೆಗೆ ಬಂದು ಬೀಳತ್ತೆ, ಹತ್ತು ವರ್ಷ ಆದ್ಮೇಲೆ ಅಸಲು ವಾಪಸ್ಸು," ಎಂದರು ಭಾವ. "ಉಳಿತಾಯ ಖಾತೇಲಿ ಇಟ್ರೆ ಮೂರೂವರೆ. ಇದರಲ್ಲಿ ಯೋಚನೆ ಮಾಡೋದು ಏನಿದೆ ಹೇಳಿ?"

"ಹಾಗಾದ್ರೆ ನಂದು ಬಾಂಡಿಗೆ," ಎಂದಳು ಅಕ್ಕ.

"ನಂದು ಖಾತೇಲೇ ಇರ್ಲಿ," ಎಂದ ಮೇಸ್ತ್ರಿ.

"ಯಾಕೋ?"

"ಇಬ್ರೂ ಒಂದೇ ಕಡೆ ಹೋಗೋದು ಬೇಡ ಅಕ್ಕಾ."

"ಇದೊಳ್ಳೆ ಚೆನ್ನಾಗಿದೆ! ಯಾಕೆ, ಬಾಂಡಲ್ಲಿ ನಿನಗೆ ಸೀಟು ಸಿಗಲ್ವಾ?"

ಭಾವ ನಕ್ಕರು. "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ಹೋಗ್ಲಿ ಬಿಡು, ಅವರ ದುಡ್ಡು, ಅವರಿಷ್ಟ."

ಮೇಸ್ತ್ರಿಯೂ ನಕ್ಕ. ಅವನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಲಿಫ್ಟನ್ನು ಮೋಟಾರೊಂದೇ ಎತ್ತುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಜನ ನಿಲ್ಲುವ ಗೂಡು ಹಗ್ಗದ ಒಂದು ತುದಿಯಲ್ಲಿದ್ದರೆ, ಇನ್ನೊಂದು ತುದಿಯಲ್ಲಿ ಕಬ್ಬಿಣದ ಒಂದು ಭಾರಿ ತೂಕ ಗೋಡೆಯ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳದೆ ನೇತಾಡುತ್ತಿರುತ್ತದೆ. ಗೂಡು ಏರಿದರೆ ತೂಕ ಇಳಿಯಬೇಕು, ಗೂಡು ಇಳಿದರೆ ತೂಕ ಏರಬೇಕು. ಆ ತೂಕ ಇಲ್ಲದಿದ್ದರೆ ಮೋಟಾರು ಒಂದೇ ದಿನದಲ್ಲಿ ಸುಟ್ಟುಹೋದೀತು. ಒಂದು ಕುಟುಂಬದ ಹಣವೂ ಹಾಗೆಯೇ ಎಂದು ಅವನು ಬಗೆದಿದ್ದ. ಅಕ್ಕನದು ಹತ್ತು ವರ್ಷ ಅಲ್ಲಾಡದ ದುಡ್ಡಾದರೆ, ತನ್ನದು ಕರೆದ ಕೂಡಲೇ ಓಡಿಬರುವ ದುಡ್ಡಾಗಿರಬೇಕು. ಎರಡೂ ಒಂದೇ ಹಗ್ಗದ ಎರಡು ತುದಿ. ಇದನ್ನು ಅವನು ಮೇಜಿನ ಮುಂದೆ ಬಾಯಿಬಿಟ್ಟು ಹೇಳಲಿಲ್ಲ. ಒಂಟಿಯಾಗಿ ಕೆಲಸ ಮಾಡುವವರಿಗೆ ಇದೊಂದು ದೋಷ. ಯೋಚಿಸಿದ್ದನ್ನೆಲ್ಲ ಹೇಳಿದ್ದೇವೆ ಎಂದೇ ಅವರು ನಂಬಿರುತ್ತಾರೆ.

ಮೊದಲನೆಯ ವರ್ಷ ತುಂಬಿದ ಭಾನುವಾರ ಅಕ್ಕನ ಫೋನು ಬಂತು.

"ಏನಪ್ಪಾ ಬಡವ, ನಿನ್ನ ಖಾತೆ ಎಷ್ಟು ಮರಿ ಹಾಕ್ತು?"

"ನೂರಕ್ಕೆ ಮೂರೂವರೆ. ನಿಂದು ಹೇಳು ಸಾಹುಕಾರ್ತಿ."

"ಏಳೂವರೆ! ಅದರ ಮೇಲೆ, ಮೊದಲನೇ ಕಂತಿನ ಬಡ್ಡಿಗೂ ಚೂರು ಬಡ್ಡಿ ಬಂದಿದೆ."

"ತಡಿ ತಡಿ. ಆ ಕಂತಿನ ಬಡ್ಡಿ ಎಲ್ಲಿಗೆ ಬಂದು ಬಿತ್ತು?"

"ನನ್ನ ಉಳಿತಾಯ ಖಾತೆಗೆ."

"ಹಾಗಾದ್ರೆ ಬಡ್ಡಿ ಮೇಲಿನ ಬಡ್ಡಿ ನನ್ನ ಪಕ್ಷದ್ದು. ಅದನ್ನ ಬಾಂಡಿನ ಲೆಕ್ಕಕ್ಕೆ ಸೇರಿಸಬಾರದು."

"ಅಯ್ಯೋ ಇವನ! ರೀ, ಕೇಳಿದ್ರಾ? ನನ್ನ ದುಡ್ಡಿನ ಬಡ್ಡೀನ ಇವನ ಪಕ್ಷಕ್ಕೆ ಸೇರಿಸ್ಕೋತಾನಂತೆ!"

ಆ ಜಗಳ ಅರ್ಧ ಗಂಟೆ ನಡೆಯಿತು. ಕೊನೆಗೆ ಭಾವ ಪಂಚಾಯಿತಿ ಮಾಡಿದರು. ಯಾರ ಕೈಗೆ ಕೊನೆಯಲ್ಲಿ ಎಷ್ಟು ಬಂತೋ ಅದೇ ಲೆಕ್ಕ, ನಡುದಾರಿಯ ತಕರಾರನ್ನು ಯಾರೂ ಎತ್ತಬಾರದು. ಮೇಸ್ತ್ರಿ ಸೋತದ್ದನ್ನು ಒಪ್ಪಿಕೊಂಡ. ಫೋನಿಟ್ಟ ಮೇಲೆ ಬಹಳ ಹೊತ್ತು ಅವನ ಮುಖದಲ್ಲಿ ನಗು ಹಾಗೆಯೇ ನಿಂತಿತ್ತು. ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿ ಎಷ್ಟು ಕಾಲವಾಗಿತ್ತೆಂದು ಅವನಿಗೆ ನೆನಪಾಗಲಿಲ್ಲ.

ಅಂದಿನಿಂದ ಅದು ವರ್ಷಕ್ಕೊಮ್ಮೆಯ ಪದ್ಧತಿಯಾಯಿತು. ಬೇರೆ ದಿನಗಳಲ್ಲೂ ಅಕ್ಕ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಿದ್ದಳು. ಹೇಗಿದ್ದೀಯ, ಇದ್ದೀನಿ, ಅಲ್ಲೆಲ್ಲ ಹೇಗಿದ್ದೀರಿ, ಇದ್ದೀವಿ ಎನ್ನುವಷ್ಟರಲ್ಲಿ ಆ ಮಾತು ಮುಗಿಯುತ್ತಿತ್ತು. ಲೆಕ್ಕದ ಭಾನುವಾರ ಮಾತ್ರ ಬೇರೆ. ಅಂದು ಮೇಸ್ತ್ರಿ ಬೆಳಿಗ್ಗೆಯೇ ಮುಖಕ್ಷೌರ ಮಾಡಿಕೊಂಡು, ಪಾಸ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂರುತ್ತಿದ್ದ. ಮೋಟಾರಿನ ಗಡಗಡದಲ್ಲಿ ಅಕ್ಕನ ಮಾತು ಕೇಳದೆ ಹೋದೀತೆಂದು ಕೆಳಗಿನ ಬಾಗಿಲಿಗೆ "ಲಿಫ್ಟು ದುರಸ್ತಿಯಲ್ಲಿದೆ" ಎಂಬ ಹಲಗೆ ತೂಗುಹಾಕಿ, ಮೋಟಾರನ್ನೇ ನಿಲ್ಲಿಸಿಬಿಡುತ್ತಿದ್ದ. ವರ್ಷಕ್ಕೊಮ್ಮೆ ಮೇಸ್ತ್ರಿ ಲಿಫ್ಟನ್ನು ಬಿಚ್ಚಿ ಜೋಡಿಸುತ್ತಾನೆ ಎಂದೇ ಕಟ್ಟಡದವರು ತಿಳಿದಿದ್ದರು. ವಕೀಲರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗಲೂ "ಪರವಾಗಿಲ್ಲ, ಮನುಷ್ಯ ಕೆಲಸದಲ್ಲಿ ಶಿಸ್ತು" ಎನ್ನುತ್ತಿದ್ದರಂತೆ.

ಐದು ವರ್ಷ ಅಕ್ಕನೇ ಗೆದ್ದಳು. ಖಾತೆಯ ಬಡ್ಡಿ ಮೂರೂವರೆಯಿಂದ ನಾಲ್ಕಕ್ಕೆ ತೆವಳಿತು, ಅಷ್ಟೇ. ಬ್ಯಾಂಕಿನ ಗುಮಾಸ್ತೆಯೂ ಒಂದೆರಡು ಸಲ ಕೇಳಿದಳು, "ಇಷ್ಟೊಂದು ಹಣ ಸುಮ್ನೆ ಮಲಗಿದೆಯಲ್ಲ, ಬಾಂಡಿಗೆ ಹಾಕಬಾರದಾ?" ಮೇಸ್ತ್ರಿ, "ಮಲಗಿರ್ಲಿ ಬಿಡಮ್ಮ, ಕೂಗಿದ್ರೆ ಎದ್ದು ಬರತ್ತಲ್ಲ," ಎಂದು ತಪ್ಪಿಸಿಕೊಂಡ. ಅವಳಿಗೆ ಹೇಳದ ಇನ್ನೊಂದು ಮಾತೂ ಇತ್ತು. ತಾನೂ ಬಾಂಡಿಗೆ ಹಾಕಿದರೆ ಇಬ್ಬರ ಬಡ್ಡಿಯೂ ಒಂದೇ ಆಗಿಬಿಡುತ್ತದೆ. ಆಮೇಲೆ ಅಕ್ಕ ಏನನ್ನು ಹಂಗಿಸಿಯಾಳು? ಸೋಲುವುದಕ್ಕೆ ಒಬ್ಬನಿದ್ದರೆ ತಾನೆ ಅವಳಿಗೂ ಗೆದ್ದ ಸಂತೋಷ?

ಆರನೆಯ ವರ್ಷ ಗಾಳಿ ತಿರುಗಿತು. ಎಲ್ಲದರ ಬೆಲೆ ಏರಿ, ಅದರ ಹಿಂದೆಯೇ ಬಡ್ಡಿಯೂ ಏರಿ, ಮೇಸ್ತ್ರಿಯ ಖಾತೆಗೆ ನೂರಕ್ಕೆ ಎಂಟು ಬರತೊಡಗಿತು. ಹೊಸ ಬಾಂಡುಗಳಿಗೆ ಇನ್ನೂ ಹೆಚ್ಚು. ಅಂಥದ್ದರಲ್ಲಿ ಏಳೂವರೆಯ ಹಳೆಯ ಬಾಂಡನ್ನು ಯಾರು ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಾರೆ? ನೂರು ಕೊಟ್ಟು ಕೊಂಡ ಅಕ್ಕನ ಬಾಂಡಿಗೆ ಮಾರುಕಟ್ಟೆಯಲ್ಲಿ ತೊಂಬತ್ತೊಂದು ಎಂದರು. ಅವಧಿ ಮುಗಿಯುವ ತನಕ ಮುಟ್ಟದಿದ್ದರೆ ಪೂರ್ತಿ ನೂರು ಬರುವುದು ಖಂಡಿತ. ಆದರೆ ನಡುವೆ ಕೈಹಾಕಿದರೆ ಒಂಬತ್ತು ಹೋದ ಹಾಗೆಯೇ.

ಆ ವರ್ಷವೇ ಭಾವ ಎದೆ ಹಿಡಿದುಕೊಂಡು ಕುಸಿದದ್ದು. ಶಸ್ತ್ರಚಿಕಿತ್ಸೆ ಆಗಲೇಬೇಕೆಂದರು ವೈದ್ಯರು. ಅಕ್ಕ ಆಸ್ಪತ್ರೆಯಿಂದ ಫೋನು ಮಾಡಿದಾಗ ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಬಾಂಡು ಮಾರಿಬಿಡೋಣ ಅಂತಿದೀನಿ ಕಣೋ. ತೊಂಬತ್ತೊಂದೋ ತೊಂಬತ್ತೋ, ಬಂದಷ್ಟು ಬರ್ಲಿ."

"ಮಾರಬೇಡ. ಫೋನಿಡು," ಎಂದ ಮೇಸ್ತ್ರಿ.

ಅಂದು ಮಧ್ಯಾಹ್ನವೇ ತನ್ನ ಖಾತೆಯಲ್ಲಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಕ್ಕನ ಖಾತೆಗೆ ಕಳಿಸಿದ. ಬ್ಯಾಂಕಿನಿಂದ ಹೊರಬಂದಾಗ, ಭಾವನ ಚಿಂತೆಯ ನಡುವೆಯೂ ಅವನ ಎದೆ ಹಗುರಾಗಿತ್ತು. ಇಷ್ಟು ವರ್ಷ ಕತ್ತಲೆಯಲ್ಲಿ ತೂಗುತ್ತಿದ್ದ ಕಬ್ಬಿಣ ತನ್ನ ಕೆಲಸವನ್ನು ಮಾಡಿತ್ತು. ಅಕ್ಕನ ಬಾಂಡು ಇದ್ದಲ್ಲೇ ಇತ್ತು. ಭಾವನೂ ಉಳಿದುಕೊಂಡರು.

ಕೆಲವು ತಿಂಗಳ ಮೇಲೆ ವಿಮೆಯ ಹಣ ಕೈಗೆ ಬಂದಾಗ ಅಕ್ಕ ತಮ್ಮನ ಹಣವನ್ನು ಮರಳಿಸಿದಳು. ಪಾಸ್‌ಬುಕ್ಕಿನಲ್ಲಿ ನೋಡಿದರೆ, ಕಳಿಸಿದ್ದಕ್ಕಿಂತ ಹೆಚ್ಚು ಬಂದಿತ್ತು. ತಪ್ಪಾಗಿರಬೇಕೆಂದು ಮೇಸ್ತ್ರಿ ತಾನೇ ಫೋನು ಮಾಡಿದ.

"ಅಕ್ಕಾ, ಜಾಸ್ತಿ ಹಾಕಿದೀಯಲ್ಲ."

"ಜಾಸ್ತಿ ಅಲ್ವೋ, ಬಡ್ಡಿ. ಎಂಟರ ಲೆಕ್ಕದಲ್ಲಿ ಹಾಕಿದೀನಿ. ಖಾತೇಲಿ ಇದ್ದಿದ್ರೆ ನಿನಗೆ ಅಷ್ಟು ಬರ್ತಿತ್ತಲ್ಲ. ನಮ್ಮಿಂದ ನಿನಗೆ ನಷ್ಟ ಆಗ್ಬಾರ್ದು."

"ಓ," ಎಂದ ಮೇಸ್ತ್ರಿ. "ಸರಿ."

ಆ ವರ್ಷದ ಲೆಕ್ಕದಲ್ಲಿ ಅವನೇ ಗೆದ್ದ. ಅಕ್ಕ ಫೋನಿನಲ್ಲಿ ಚಪ್ಪಾಳೆ ತಟ್ಟಿದಳು. "ಅಂತೂ ಗೆದ್ಯಲ್ಲೋ ಸರದಾರ!" ಎಂದಳು. ಅವನೂ ನಕ್ಕ. ಫೋನಿಟ್ಟ ಮೇಲೆ ಮೋಟಾರನ್ನು ಮತ್ತೆ ಚಾಲೂ ಮಾಡುವುದನ್ನು ಮರೆತು ಹಾಗೆಯೇ ಕುಳಿತಿದ್ದ. ಕೆಳಗಿನಿಂದ ಯಾರೋ ಬಾಗಿಲು ಬಡಿದ ಮೇಲೆ ಎದ್ದ. ಗೆಲುವು ಬಾಯಿಗೆ ಸಪ್ಪೆಯಾಗಿತ್ತು. ಸಾಲ ಕೊಟ್ಟ ಹೊರಗಿನವನಿಗಾದರೆ ಬಡ್ಡಿ ಕೊಡುತ್ತಾರೆ, ಒಡಹುಟ್ಟಿದವನಿಗೆ ಕೊಡುತ್ತಾರೆಯೆ? ಹಾಗಾದರೆ ಅಕ್ಕನ ಲೆಕ್ಕದಲ್ಲಿ ಹಗ್ಗ ಒಂದೇ ಅಲ್ಲ. ಅವಳ ಮನೆ ಅವಳದು. ಈಚೆ, ಇನ್ನೊಂದು ಊರಿನಲ್ಲಿ, ಖಾತೆ ಇಟ್ಟುಕೊಂಡ ಒಬ್ಬ ಮನುಷ್ಯ ಇದ್ದಾನೆ. ಆ ಮನುಷ್ಯನಿಗೆ ನಷ್ಟವಾಗಬಾರದು. ಅಷ್ಟೇ.

ಈ ಮುಳ್ಳು ಒಳಗೇ ಮುರಿದುಕೊಂಡಿತು. ಮುಂದಿನ ವರ್ಷಗಳಲ್ಲಿ ಬಡ್ಡಿ ಮತ್ತೆ ಇಳಿಯಿತು, ಆರು, ಐದು, ನಾಲ್ಕು. ಅಕ್ಕ ಮತ್ತೆ ಗೆಲ್ಲತೊಡಗಿದಳು. ಲೆಕ್ಕದ ಭಾನುವಾರ ಮೇಸ್ತ್ರಿ ಮುಖಕ್ಷೌರ ಮಾಡಿಕೊಳ್ಳುವುದನ್ನು ಬಿಡಲಿಲ್ಲ, ಲಿಫ್ಟನ್ನು ನಿಲ್ಲಿಸುವುದನ್ನೂ ಬಿಡಲಿಲ್ಲ. ಮಾತು ಮಾತ್ರ ಗಿಡ್ಡವಾಯಿತು. ಬಡ್ಡಿಯ ಮೇಲಿನ ಬಡ್ಡಿ ಯಾರ ಪಕ್ಷದ್ದೆಂದು ಅವನು ಮತ್ತೆ ಜಗಳ ತೆಗೆಯಲಿಲ್ಲ.

ಹೀಗೆ ಹತ್ತನೆಯ ವರ್ಷ ಬಂತು. ಬಾಂಡಿನ ಅವಧಿ ಮುಗಿಯಿತೆಂದೂ, ಅಸಲು ಕೈಸೇರಿತೆಂದೂ ಅಕ್ಕ ತಿಳಿಸಿದಳು. ಆ ವಾರವೆಲ್ಲ ಮೇಸ್ತ್ರಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗೋಡೆಯಾಚೆ ಮೋಟಾರು ಗುರುಗುಟ್ಟಿದಾಗಲೆಲ್ಲ ಒಂದೇ ಯೋಚನೆ. ಬಾಂಡು ಮುಗಿಯಿತು, ಹೋಲಿಸುವುದೂ ಮುಗಿಯಿತು. ಇನ್ನು ಅಕ್ಕ ಯಾತಕ್ಕೆ ಫೋನು ಮಾಡುತ್ತಾಳೆ? ಬಡ್ಡಿ ಕಟ್ಟಿ ಚುಕ್ತಾ ಮಾಡಿದವಳು ಇದನ್ನೂ ಚುಕ್ತಾ ಮಾಡಿಬಿಡುತ್ತಾಳೆ. ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ಹೋಗಿ ಅಕ್ಕನೆದುರು ಕೂತು ಹೇಳಬೇಕು: ನಿನ್ನದು ನನ್ನದು ಎನ್ನುವುದು ಬೇಡ, ಇಬ್ಬರ ಹೆಸರಿನಲ್ಲೂ ಒಂದೇ ಕಡೆ ಇಡೋಣ. ಅವಳು ಹ್ಞೂ ಎಂದರೆ ತಾನು ಅವಳವನು. ಊಹ್ಞೂ ಎಂದರೆ, ಅದನ್ನಾದರೂ ತಿಳಿದುಕೊಂಡು ಬರುವುದು.

ಬಸ್ಸಿನಲ್ಲಿ ಅರ್ಧ ಹಗಲು ಆ ಮಾತನ್ನೇ ಬಾಯಿಪಾಠ ಮಾಡಿಕೊಂಡು ಹೋದ.

ಅಕ್ಕನ ಮನೆಯಲ್ಲಿ ಅವಳ ಮಗಳೂ ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಈಗ ತನ್ನದೇ ಅಂಗಡಿ ತೆರೆಯುವ ಸಡಗರದಲ್ಲಿದ್ದಳು. ಊಟದ ಮೇಜಿನ ಮೇಲೆ ಕಂಪ್ಯೂಟರು ತೆರೆದಿಟ್ಟುಕೊಂಡು, "ಮಾಮ, ಬನ್ನಿ ಬನ್ನಿ, ಹತ್ತು ವರ್ಷದ ಪಂದ್ಯದ ಫಲಿತಾಂಶ!" ಎಂದು ಕರೆದಳು. "ಅಮ್ಮನ ಬಾಂಡು, ಬಂದ ಬಡ್ಡೀನೆಲ್ಲ ಮುಟ್ಟದೆ ಖಾತೇಲಿ ಬಿಟ್ಟಿದ್ರೆ ಅಂತ ಲೆಕ್ಕ ಹಾಕಿದೀನಿ. ನೂರು ಹಾಕಿದ್ದು ನೂರಾ ತೊಂಬತ್ತು ದಾಟತ್ತೆ. ನಿಮ್ಮ ಖಾತೇಲಿ ನೂರು ಹೋಗಿ ನೂರಾ ಐವತ್ತಾರು ಆಗಿದೆ. ನೂರಕ್ಕೆ ಮೂವತ್ತನಾಲ್ಕು ಕೈ ಬಿಟ್ಟಿದೀರ ಮಾಮ! ಬೇಜಾರಾಯ್ತಾ?"

"ಇಲ್ಲಮ್ಮ. ಗೊತ್ತಿದ್ದದ್ದೇ," ಎಂದ ಮೇಸ್ತ್ರಿ.

"ಅದರಲ್ಲಿ ಒಂದು ಬಾಕಿ ಇದೆ," ಎಂದರು ಭಾವ ಕನ್ನಡಕ ಒರೆಸಿಕೊಳ್ಳುತ್ತ. "ಆರನೇ ವರ್ಷ ಇವರ ದುಡ್ಡು ಬರದೆ ಇದ್ದಿದ್ರೆ ನಾವು ಬಾಂಡು ತೊಂಬತ್ತೊಂದಕ್ಕೆ ಮಾರಬೇಕಿತ್ತು. ಆಮೇಲಿನ ಬಡ್ಡೀನೂ ಹೋಗ್ತಿತ್ತು. ಅದನ್ನ ಯಾವ ಪಕ್ಷಕ್ಕೆ ಸೇರಿಸ್ತೀಯ?"

ಮಗಳು ತುಟಿ ಕಚ್ಚಿಕೊಂಡಳು. "ಅದಕ್ಕೆ ಇಲ್ಲಿ ಜಾಗ ಇಲ್ಲಪ್ಪ."

ಇದೇ ಸಮಯವೆಂದು ಮೇಸ್ತ್ರಿ ಬಾಯಿ ತೆರೆದ. ಬಸ್ಸಿನಲ್ಲಿ ಕಲಿತ ಮಾತೊಂದೂ ಹೊರಬರಲಿಲ್ಲ.

"ಅಕ್ಕಾ, ಅವತ್ತು ಬಡ್ಡಿ ಯಾಕೆ ಕೊಟ್ಟೆ?"

ಅಕ್ಕ ಗಾಬರಿಯಿಂದ ಅವನ ಮುಖ ನೋಡಿದಳು.

"ಯಾವ ಬಡ್ಡಿನೋ?"

"ಭಾವನ ಆಪರೇಷನ್ನಿಗೆ ಕೊಟ್ಟಿದ್ದಕ್ಕೆ. ಎಂಟರ ಲೆಕ್ಕದಲ್ಲಿ."

"ಅಯ್ಯೋ, ಅದಾ? ಆ ವರ್ಷ ನೀನು ಗೆಲ್ತಿದ್ದೆ ಕಣೋ! ಅರ್ಧ ದುಡ್ಡು ನಮಗೆ ಕೊಟ್ಟುಬಿಟ್ರೆ ನಿನ್ನ ಲೆಕ್ಕ ಕಡಿಮೆಯಾಗಿ ಮತ್ತೆ ಸೋತುಬಿಡ್ತೀಯಲ್ಲ ಅಂತ..."

"ನಾನು ಹಾಸಿಗೇಲಿ ಮಲಗಿದೀನಿ, ಮೈ ತುಂಬ ಕೊಳವೆ," ಎಂದರು ಭಾವ. "ಇವಳು ಪಕ್ಕದಲ್ಲಿ ಕೂತು ಏನಂದ್ಲು ಗೊತ್ತಾ? ಪಾಪ, ನನ್ನ ತಮ್ಮ ಗೆದ್ದಿದ್ದು ಇದೊಂದೇ ವರ್ಷ, ಅದನ್ನೂ ನಾವು ಕಿತ್ಕೊಂಡ ಹಾಗಾಯ್ತಲ್ಲ ಅಂದ್ಲು. ಹೆಂಡತಿ ಅಂದ್ರೆ ಹೀಗಿರಬೇಕು ನೋಡಿ. ಗಂಡ ಹೋದ್ರೂ ಚಿಂತೆಯಿಲ್ಲ, ತಮ್ಮ ಸೋಲಬಾರದು!"

"ಸಾಕು ಸುಮ್ನಿರಿ," ಎಂದಳು ಅಕ್ಕ.

"ನನಗೆ ಗೆಲ್ಲೋದು ಯಾತಕ್ಕೆ ಬೇಕಿತ್ತು?" ಎಂದ ಮೇಸ್ತ್ರಿ. "ಗೆಲ್ಲೋದು ನಿನಗೆ ಇಷ್ಟ ಅಂತ ನಾನು ಖಾತೇಲೇ ಇಟ್ಟೆ."

"ನನಗಾ? ನನಗೆ ಲೆಕ್ಕ ಅಂದ್ರೆ ತಲೆನೋವು!"

"ನಿಜ," ಎಂದರು ಭಾವ. "ಪ್ರತಿ ವರ್ಷ ಫೋನು ಮಾಡೋ ಮುಂಚೆ ನನ್ನ ಹತ್ರ ಪಾಠ ಹೇಳಿಸ್ಕೊಳ್ತಿದ್ಲು. ಬಾಂಡಿನ ಬೆಲೆ ಯಾಕೆ ಇಳೀತು, ಖಾತೆ ಬಡ್ಡಿ ಯಾಕೆ ಏರ್ತು ಅಂತ. ಹೇಳಿಕೊಟ್ಟಿದ್ದು ಫೋನಿಡೋ ತನಕ ನೆನಪಿರ್ತಿತ್ತು, ಆಮೇಲೆ ಎಲ್ಲ ಸೊನ್ನೆ."

"ಮತ್ತೇನು ಮಾಡ್ಲಿ?" ಅಕ್ಕನ ದನಿ ಸಣ್ಣದಾಯಿತು. "ಬೇರೆ ಏನು ಕೇಳಿದ್ರೂ ನೀನು 'ಇದೀನಿ' ಅಂತ ಮುಗಿಸಿಬಿಡ್ತಿದ್ದೆ. ಬಡ್ಡಿ ವಿಷಯ ಬಂದ್ರೆ ಮಾತ್ರ ಬಾಯಿ ಬಿಡ್ತಿದ್ದೆ. ಇವನಿಗೆ ಇದೊಂದೇ ಪ್ರೀತಿ ಅಂದ್ಕೊಂಡೆ."

ಮಗಳು ಮೆಲ್ಲಗೆ ಕಂಪ್ಯೂಟರನ್ನು ಮುಚ್ಚಿದಳು.

ಹತ್ತು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸುವುದಕ್ಕಾಗಿ, ಇಬ್ಬರಿಗೂ ಬೇಡದ ಒಂದು ಪಂದ್ಯವನ್ನು ಆಡಿದ್ದರು. ಮೇಸ್ತ್ರಿಗೆ ನಗು ಬಂತು. ಒಂದೇ ಕಡೆ ಇಡೋಣ ಎಂಬ ಮಾತನ್ನು ಅವನು ಆಡಲಿಲ್ಲ. ಆಡುವಂತೆಯೂ ಇರಲಿಲ್ಲ. ಬಾಂಡಿನ ಅಸಲೆಲ್ಲ ಮಗಳ ಔಷಧಿ ಅಂಗಡಿಗೆ ಹೋಗುವುದೆಂದು ಅಕ್ಕನೇ ಊಟ ಬಡಿಸುತ್ತ ತಿಳಿಸಿದಳು. ಒಳ್ಳೆಯದಾಯಿತು ಎಂದ ಅವನು. ಒಳ್ಳೆಯದೇ ಆಗಿತ್ತು. ಆದರೆ ಊಟ ಮಾಡುವಾಗ ಇಬ್ಬರಿಗೂ ಮಾತು ಹುಟ್ಟಲಿಲ್ಲ. ಊರುಗೋಲು ಬಿಟ್ಟವರು ಮೊದಲ ದಿನ ಗೋಡೆ ಹಿಡಿದುಕೊಂಡು ನಡೆಯುತ್ತಾರಲ್ಲ, ಹಾಗೆ ಅಕ್ಕ "ಇನ್ನೊಂಚೂರು ಹಾಕ್ಲಾ?" ಎನ್ನುವಳು, ತಮ್ಮ "ಸಾಕು" ಎನ್ನುವನು.

ಅವನನ್ನು ಕಳಿಸುವುದಕ್ಕೆ ಅಕ್ಕ ಬಸ್ಸು ನಿಲ್ದಾಣದವರೆಗೂ ಬಂದಳು. ಮಂಡಿನೋವು, ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಇದು ಯಾವಾಗಿನಿಂದ ಎಂದು ಮೇಸ್ತ್ರಿಗೆ ತಿಳಿಯದು. ಫೋನಿನಲ್ಲಿ ಮಂಡಿ ಕಾಣುವುದಿಲ್ಲ, ಅವನು ಕೇಳಿಯೂ ಇರಲಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಅವನು ಕುಳಿತ ಮೇಲೆ ಅವಳು ಕೆಳಗೆ ನಿಂತು, ಏನಾದರೂ ಕೇಳಬೇಕೆಂದು ತಡಕಾಡಿ, ಕೇಳಿದಳು:

"ಅಲ್ವೋ, ನಿನ್ನ ರೂಮು ಹೇಗಿದೆ? ನಾನು ನೋಡೇ ಇಲ್ಲ."

ಮೇಸ್ತ್ರಿ ಯೋಚಿಸಿದ. ಇದನ್ನು ಅವನನ್ನು ಯಾರೂ ಕೇಳಿರಲಿಲ್ಲ.

"ಚಿಕ್ಕದು. ಒಂದು ಕಿಟಕಿ. ಗಾಳಿ ಚೆನ್ನಾಗಿ ಬರತ್ತೆ."

"ಲಿಫ್ಟು ನಿನ್ನ ಬಾಗಿಲ ತನಕ ಬರತ್ತೆ ತಾನೆ? ಒಂದ್ಸಲ ಬರ್ತೀನಿ."

"ಇಲ್ಲಕ್ಕಾ. ಅದು ಕೊನೇ ಮಹಡಿಗೆ ನಿಂತುಬಿಡತ್ತೆ. ಅಲ್ಲಿಂದ ಮೇಲಕ್ಕೆ ಮೆಟ್ಟಿಲು."

"ಊರಿಗೆಲ್ಲ ಲಿಫ್ಟು ಓಡಿಸ್ತೀಯ, ನಿನ್ನ ಮನೆಗೆ ಮೆಟ್ಟಿಲು! ಬುದ್ಧಿವಂತ ಕಣೋ ನೀನು," ಎಂದು ಅವಳು ನಕ್ಕಳು. "ಎಷ್ಟು ಮೆಟ್ಟಿಲು?"

ಬಸ್ಸು ಹೊರಟಿತು. ಅವನು ಕಿಟಕಿಯಿಂದ ಕೈ ಹೊರಚಾಚಿ ಏನೋ ಹೇಳಿದ, ಅವಳು ಕಿವಿಗೆ ಕೈಯಿಟ್ಟು "ಆಂ?" ಎಂದಳು. ಅಷ್ಟರಲ್ಲಿ ತಿರುವು ಬಂತು.

ಊರಿಗೆ ಮರಳಿದ ಮೇಲೆ ಮೇಸ್ತ್ರಿ ಬ್ಯಾಂಕಿಗೆ ಹೋದ. ಖಾತೆಗೆ ಈಗ ಮೂರು, ಐದು ವರ್ಷದ ಬಾಂಡಿಗೆ ಆರೂಮುಕ್ಕಾಲು ಎಂದಳು ಗುಮಾಸ್ತೆ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಎರಡನ್ನೂ ತನಗಾಗಿಯೇ ಹೋಲಿಸಿ ನೋಡಿದ. ಅರ್ಧವನ್ನು ಬಾಂಡಿಗೆ ಬರೆದುಕೊಟ್ಟು, ಇನ್ನರ್ಧವನ್ನು ಖಾತೆಯಲ್ಲಿಯೇ ಬಿಟ್ಟ. ಭಾವನ ಎದೆ, ಅಕ್ಕನ ಮಂಡಿ, ಯಾವಾಗ ಏನೋ. "ಒಳ್ಳೇದು ಮಾಡಿದ್ರಿ, ಎರಡೂ ಕಡೆ ಇರಬೇಕು," ಎಂದಳು ಗುಮಾಸ್ತೆ. ಹೌದು ಎಂದು ತಲೆಯಾಡಿಸಿದ. ಈಗ ಹಗ್ಗದ ಎರಡು ತುದಿಯೂ ಅವನದೇ ಕೈಯಲ್ಲಿತ್ತು. ಲೆಕ್ಕ ಸರಿಯಾಗಿತ್ತು. ಆದರೆ ಆ ಸಂಜೆ ಅದನ್ನು ಯಾರಿಗಾದರೂ ಹೇಳೋಣವೆಂದರೆ ಮೋಟಾರು ಬಿಟ್ಟು ಇನ್ನಾರೂ ಇರಲಿಲ್ಲ.

ಅಕ್ಕ ಫೋನು ಮಾಡುತ್ತಾಳೆ. ಹಿಂದಿಗಿಂತ ಹೆಚ್ಚೇ ಮಾಡುತ್ತಾಳೆ. ಮಾತು ಮಾತ್ರ ಇನ್ನೂ ಅಂಬೆಗಾಲಿಡುತ್ತಿದೆ. "ಊಟ ಏನು ಮಾಡಿದೆ?" ಎನ್ನುತ್ತಾಳೆ. ಅವನು ಹೇಳುತ್ತಾನೆ. "ನಿನ್ನ ಮಂಡಿ?" ಎನ್ನುತ್ತಾನೆ. "ಹಾಗೇ ಇದೆ," ಎನ್ನುತ್ತಾಳೆ. ಅರ್ಧ ಗಂಟೆಯ ಆ ಹಳೆಯ ಜಗಳ ಎಲ್ಲಿ ಹೋಯಿತೆಂದು ಮೇಸ್ತ್ರಿಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಬರುತ್ತೇನೆ ಎಂದು ಅವಳು ಹೇಳುತ್ತಲೇ ಇರುತ್ತಾಳೆ. ಮಂಡಿ ಬಿಡುವುದಿಲ್ಲ, ಮಗಳ ಅಂಗಡಿ ಬಿಡುವುದಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿ ಪೇಟೆಗೆ ಹೋಗಿ, ಖಾತೆಯಿಂದ ಒಂದಿಷ್ಟು ತೆಗೆದು, ಕೈಯಿರುವ ಒಂದು ಮರದ ಕುರ್ಚಿಯನ್ನು ಕೊಂಡು ತಂದ. ಅದನ್ನು ಕೋಣೆಯೊಳಗೆ ಇಡಲಿಲ್ಲ. ಲಿಫ್ಟು ನಿಲ್ಲುವ ಕೊನೆಯ ಮಹಡಿಯಿಂದ ಮೇಲೇರುವ ಮೆಟ್ಟಿಲುಗಳಲ್ಲಿ, ನಡುವೆ ತಿರುವು ಬರುವ ಚಿಕ್ಕ ಜಾಗದಲ್ಲಿ ಗೋಡೆಗೆ ಒತ್ತಿ ಇಟ್ಟ. ತಾನೇ ಒಮ್ಮೆ ಕುಳಿತು, ಅಲ್ಲಾಡುವುದೇ ಎಂದು ನೋಡಿದ. ಒಂದು ಕಾಲು ಕೊಂಚ ಗಿಡ್ಡವಿತ್ತು. ರಬ್ಬರಿನ ಚೂರು ಕತ್ತರಿಸಿ ಅಂಟಿಸಿದ.

ಮರುವಾರ ತಾರಸಿಯ ನೀರಿನ ತೊಟ್ಟಿ ತೊಳೆಯುವವನು ಬಕೆಟ್ಟು ಹಿಡಿದು ಬಂದವನು ದಾರಿಗಡ್ಡವಾಗಿದ್ದ ಕುರ್ಚಿಯನ್ನು ಕಂಡು ನಿಂತ.

"ಏನ್ ಮೇಸ್ತ್ರಿ, ಮೆಟ್ಟಿಲ ಮೇಲೆ ಕುರ್ಚಿ ಹಾಕಿದೀರಿ? ಯಾರಿಗೆ?"

"ನಮ್ಮಕ್ಕನಿಗೆ. ಒಂದೇ ಉಸಿರಿಗೆ ಹತ್ತೋದು ಆಗಲ್ಲ ಅವಳಿಗೆ. ಇಲ್ಲಿ ಕೂತು ಸುಧಾರಿಸ್ಕೊಂಡ್ರೆ ಉಳಿದಿದ್ದು ಹತ್ತಬಹುದು."

"ಓ, ಬರ್ತಿದಾರಾ? ಯಾವಾಗ?"

ಮೇಸ್ತ್ರಿ ಕುರ್ಚಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಬಕೆಟ್ಟು ಹೋಗುವಷ್ಟು ಜಾಗವಾಗುವಂತೆ ಅದನ್ನು ಗೋಡೆಯ ಕಡೆಗೆ ಇನ್ನೊಂದಿಷ್ಟು ಸರಿಸಿದ.

"ಬರ್ತಾಳೆ," ಎಂದ.